ಮಧುಮೇಹಿಗಳ ವಸಡು ಮತ್ತು ಲೇಸರ್ ಚಿಕಿತ್ಸೆ



ಮಧುಮೇಹವುಳ್ಳ ರೈತರೊಬ್ಬರು ಪತ್ನಿಯೊಡನೆ ಬಂದು, “ವಸಡಿನಲ್ಲಿ ರಕ್ತ ಒಸರುತ್ತಿದೆ, ಸಾಲ ಮಾಡಿಯಾದರೂ ಲೇಸರ್ ಚಿಕಿತ್ಸೆ ಮಾಡಿಸಬೇಕೇ?” ಎಂದು ಕೇಳಿದರು. ಅವರಿಗೆ ಹೇಳಿದುದನ್ನೇ ನಿಮಗೂ ಹೇಳುತ್ತೇನೆ.

ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ರೋಗಾಣುಗಳನ್ನು ಎದುರಿಸುವ ಶಕ್ತಿ ಕುಂದುತ್ತದೆ. ವಸಡು ಊದಿ, ಹಲ್ಲನ್ನು ಹಿಡಿದಿರುವ ಮೂಳೆ ಸವೆದು, ಹಲ್ಲು ಅಲುಗಾಡತೊಡಗುತ್ತದೆ. ವಸಡಿನ ಸೋಂಕು ಸಕ್ಕರೆಯ ಹತೋಟಿಯನ್ನು ಮತ್ತಷ್ಟು ಕೆಡಿಸುತ್ತದೆ. ಹೀಗೆ ಒಂದು ರೋಗ ಇನ್ನೊಂದನ್ನು ಪೋಷಿಸುತ್ತದೆ.

ಹಲ್ಲು ಮತ್ತು ಬೇರಿನ ಮೇಲೆ ಗಟ್ಟಿಯಾಗಿ ಕಟ್ಟಿದ ಪಾಚಿಯನ್ನು ದಂತವೈದ್ಯರು ಕೆರೆದು ತೆಗೆಯುವುದೇ ಮೂಲ ಚಿಕಿತ್ಸೆ. 1960ರಲ್ಲಿ ಮೊದಲು ರೂಪುಗೊಂಡ ಲೇಸರ್ ಒಂದು ತೀಕ್ಷ್ಣ ಬೆಳಕಿನ ಕಿರಣ. ವಸಡಿನ ಸಂದಿಯ ರೋಗಾಣುಗಳನ್ನು ಅದು ನಾಶಮಾಡಬಲ್ಲದು. ಆದರೆ ಅದು ಮೂಲ ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ಅದಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ.

ದಿನಕ್ಕೆ 2 ಬಾರಿ ಹಲ್ಲುಜ್ಜಿರಿ. ಹೊಗೆಸೊಪ್ಪು, ಬೀಡಿಗಳನ್ನು ತ್ಯಜಿಸಿರಿ. ಮಧುಮೇಹದ ಔಷಧಿಯನ್ನು ತಪ್ಪಿಸದಿರಿ. ರೋಗವಿರುವುದನ್ನು ದಂತವೈದ್ಯರಿಗೆ ಮೊದಲೇ ತಿಳಿಸಿರಿ. ಗರ್ಭಿಣಿಯರಲ್ಲಿ ಮಧುಮೇಹ ಕಾಣಿಸಿಕೊಂಡರೂ ಇದೇ ಎಚ್ಚರಿಕೆ ಇರಲಿ.

ವಸಡಿನ ರಕ್ತವನ್ನು ಅಲಕ್ಷಿಸಬೇಡಿರಿ. ಪತಿಗೆ ಪತ್ನಿ, ಪತ್ನಿಗೆ ಪತಿ ಇದನ್ನು ನೆನಪಿಸಲಿ. ಇಬ್ಬರೂ ಕೂಡಿಯೇ ಆಸ್ಪತ್ರೆಗೆ ಬನ್ನಿರಿ.