ರಸ್ತೆ ಹಾಕಿದವರು ಯಾರು, ಓಡಾಡುತ್ತಿರೋರು ಯಾರು?



2021ರ ಆಗಸ್ಟ್ 6ನೇ ತಾರೀಖು ಶುಕ್ರವಾರ, ಅಫ್ಘಾನಿಸ್ತಾನದ ಜರಂಜ್ ಅನ್ನೋ ಊರು ತಾಲಿಬಾನ್ ಕೈಗೆ ಹೋಯಿತು. ಅವರು ಆ ಸಲ ಹಿಡಿದ ಮೊದಲ ಪ್ರಾಂತೀಯ ರಾಜಧಾನಿ ಅದು. ಅಲ್ಲಿಂದ ಒಂಬತ್ತೇ ದಿನ, 15ನೇ ತಾರೀಖು ಕಾಬೂಲೂ ಹೋಯಿತು. ಕಾಬೂಲ್ ವಿಮಾನ ನಿಲ್ದಾಣದ ದೃಶ್ಯಗಳನ್ನ ನೀವೂ ನೋಡಿದ್ದೀರಿ, ನಾವೂ ಆಗ ಅದನ್ನೇ ತೋರಿಸುತ್ತಾ ಇದ್ದೆವು. ಆ ಗದ್ದಲದಲ್ಲಿ ಜರಂಜ್ ಹೆಸರು ಸ್ಕ್ರೀನ್ ಕೆಳಗಿನ ಪಟ್ಟಿಯಲ್ಲಿ ಬಂದು ಹೋಯಿತು ಅಷ್ಟೇ. ಇವತ್ತು ಆ ಊರಿನ ಬಗ್ಗೆಯೇ ಮಾತಾಡೋಣ. ಯಾಕೆ ಅಂದ್ರೆ ಅಲ್ಲೊಂದು ರಸ್ತೆ ಇದೆ, ಅದನ್ನ ಹಾಕಿದ್ದು ನಾವು. ನಾವು ಅಂದ್ರೆ ಭಾರತ.

ಇರಾನ್ ಗಡಿಯ ಜರಂಜ್‌ನಿಂದ ದೆಲಾರಾಮ್‌ವರೆಗೆ ಸುಮಾರು 218 ಕಿಲೋಮೀಟರ್. ಹಾಕಿದ್ದು ನಮ್ಮ ಬಾರ್ಡರ್ ರೋಡ್ಸ್ ಆರ್ಗನೈಸೇಷನ್, ಲಡಾಖ್‌ನಲ್ಲಿ, ಅರುಣಾಚಲದಲ್ಲಿ ಬೆಟ್ಟ ಕಡಿದು ರಸ್ತೆ ಮಾಡ್ತಾರಲ್ಲ, ಅದೇ ಬಿಆರ್‌ಒ. ಖರ್ಚು ಹತ್ತಿರ ಹತ್ತಿರ 600 ಕೋಟಿ ರೂಪಾಯಿ. 2009ರ ಜನವರಿಯಲ್ಲಿ ಆಗ ವಿದೇಶಾಂಗ ಸಚಿವರಾಗಿದ್ದ ಪ್ರಣಬ್ ಮುಖರ್ಜಿ ಅಲ್ಲಿಗೇ ಹೋಗಿ ಅದನ್ನ ಅಫ್ಘನ್ ಸರ್ಕಾರಕ್ಕೆ ಒಪ್ಪಿಸಿ ಬಂದರು. ಲೆಕ್ಕಾಚಾರ ಸರಳ. ಅಫ್ಘಾನಿಸ್ತಾನಕ್ಕೆ ಸಮುದ್ರ ಇಲ್ಲ, ಹೆಚ್ಚಿನದಕ್ಕೆ ಪಾಕಿಸ್ತಾನದ ಕರಾಚಿ ಬಂದರೇ ಗತಿಯಾಗಿತ್ತು. ಇರಾನಿನ ಚಾಬಹಾರ್ ಬಂದರಿನಿಂದ ಜರಂಜ್‌ಗೆ, ಜರಂಜ್‌ನಿಂದ ದೆಲಾರಾಮ್‌ಗೆ, ಅಲ್ಲಿಂದ ಕಂದಹಾರ್-ಹೆರಾತ್ ಹೆದ್ದಾರಿಗೆ ಸೇರಿಬಿಟ್ಟರೆ ಪಾಕಿಸ್ತಾನದ ಕೈಕಾಲು ಹಿಡಿಯೋ ಅಗತ್ಯ ಇರಲ್ಲ. 2017ರಲ್ಲಿ ಗುಜರಾತಿನ ಕಾಂಡ್ಲಾ ಬಂದರಿನಿಂದ ಹೊರಟ ನಮ್ಮ ಗೋಧಿ ಇದೇ ದಾರಿಯಲ್ಲಿ ಜರಂಜ್ ಮುಟ್ಟಿತು. ಹಾಗಾಗಿ ಈ ರಸ್ತೆ ವ್ಯರ್ಥ ಆಯಿತು ಅಂತ ನಾನು ಹೇಳಲ್ಲ, ಹೇಳೋರ ಜೊತೆ ಸೇರೋದೂ ಇಲ್ಲ.

ಆದರೆ ಅದರ ಬೆಲೆ 600 ಕೋಟಿ ಮಾತ್ರ ಅಂದ್ಕೋಬೇಡಿ. 2005ರ ನವೆಂಬರ್‌ನಲ್ಲಿ ಬಿಆರ್‌ಒ ಚಾಲಕ ಒಬ್ಬರನ್ನ ತಾಲಿಬಾನ್ ಎತ್ತಿಕೊಂಡು ಹೋಯಿತು. ಕೇರಳದವರು. ಭಾರತೀಯರು ಕೆಲಸ ಬಿಟ್ಟು ಹೊರಡಬೇಕು ಅಂತ ಗಡುವು ಕೊಟ್ಟರು. ಆಮೇಲೆ ಸಿಕ್ಕಿದ್ದು ಶವ. ಕೆಲಸ ನಿಲ್ಲಲಿಲ್ಲ, ಕಾವಲಿಗೆ ಐಟಿಬಿಪಿ ಜವಾನರು ಹೋದರು. 2008ರಲ್ಲಿ ಆತ್ಮಾಹುತಿ ದಾಳಿಗಳು ಶುರುವಾದವು. ರಸ್ತೆ ಮುಗಿಯೋ ಹೊತ್ತಿಗೆ ಸತ್ತವರು ನೂರಕ್ಕೂ ಹೆಚ್ಚು, ಅದರಲ್ಲಿ ಹೆಚ್ಚಿನವರು ಅಫ್ಘನ್ನರು. 218 ಕಿಲೋಮೀಟರ್‌ಗೆ ನೂರಕ್ಕೂ ಹೆಚ್ಚು ಹೆಣ. ನಮ್ಮ ಕಡೆ ಕಿಲೋಮೀಟರ್ ಕಲ್ಲು ನೆಡ್ತಾರಲ್ಲ, ಆ ಲೆಕ್ಕದಲ್ಲಿ ಯೋಚನೆ ಮಾಡಿ ನೋಡಿ.

ಒಂದು ರಸ್ತೆಗೆ ತಾಲಿಬಾನ್ ಇಷ್ಟು ಹೆದರಿದ್ದು ಯಾಕೆ? ಅಮೆರಿಕದವರು ಅದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದರು. ಅಲ್ಲಿ ಸೇನಾ ಕಮಾಂಡರ್ ಆಗಿ, ಆಮೇಲೆ ರಾಯಭಾರಿಯೂ ಆದ ಕಾರ್ಲ್ ಐಕನ್‌ಬೆರಿ ಅವರ ಮಾತಿನ ತಾತ್ಪರ್ಯ ಹೇಳ್ತೀನಿ: ರಸ್ತೆ ಎಲ್ಲಿ ಮುಗಿಯುತ್ತೋ ತಾಲಿಬಾನ್ ಅಲ್ಲಿ ಶುರುವಾಗುತ್ತೆ. ಕೇಳೋಕೆ ಎಷ್ಟು ಚೆನ್ನಾಗಿದೆ! ಹಾಗಾದರೆ ರಸ್ತೆಯನ್ನ ಉದ್ದ ಮಾಡ್ತಾ ಹೋದರೆ ಸಾಕು, ತಾಲಿಬಾನ್ ಹಿಂದೆ ಸರೀತಾ ಸರೀತಾ ಒಂದು ದಿನ ಇಲ್ಲವಾಗುತ್ತೆ. 2002ರಿಂದ 2016ರವರೆಗೆ ಅಮೆರಿಕ ಅಲ್ಲಿನ ರಸ್ತೆಗಳ ಮೇಲೆ ಸುರಿದ ಹಣ ಸುಮಾರು 280 ಕೋಟಿ ಡಾಲರ್. ರೂಪಾಯಿ ಅಲ್ಲ ಸ್ವಾಮಿ, ಡಾಲರ್.

ನಾನು ಓದಿದ್ದು ಎಂಜಿನಿಯರಿಂಗ್. ಈಗ ಮಾಡ್ತಿರೋದು ಬಾಯಿ ಕೆಲಸ, ಅದು ಬೇರೆ ವಿಷಯ. ಆದರೂ ರಸ್ತೆ ಅಂದ ಕೂಡಲೇ ನನ್ನ ಕಣ್ಣು ಮೇಲಿನ ಡಾಂಬರು ಬಿಟ್ಟು ಕೆಳಗಡೆ ಹೋಗುತ್ತೆ. ಡಾಂಬರಿಗೂ ಬಾಂಬಿಗೂ ಇರೋ ಸಂಬಂಧ ಅಲ್ಲೇ ಇದೆ. ಮಣ್ಣಿನ ರಸ್ತೆಯಲ್ಲಿ ಬಾಂಬ್ ಹೂಳೋದು ಬಹಳ ಸುಲಭ. ಒಂದು ಗುದ್ದಲಿ, ಒಂದು ಹಳದಿ ಎಣ್ಣೆ ಕ್ಯಾನು, ಅದರೊಳಗೆ ಗದ್ದೆಗೆ ಹಾಕೋ ಅಮೋನಿಯಂ ನೈಟ್ರೇಟ್ ಗೊಬ್ಬರದಿಂದ ಮಾಡಿದ ಮದ್ದು. (ಆ ಗೊಬ್ಬರವನ್ನೇ 2010ರಲ್ಲಿ ಕರ್ಜಾಯ್ ಸರ್ಕಾರ ನಿಷೇಧ ಮಾಡಬೇಕಾಗಿ ಬಂತು.) ಹೂತು, ಮೇಲೆ ಮಣ್ಣು ಎಳೆದು, ಕಾಲಲ್ಲಿ ಸವರಿಬಿಟ್ಟರೆ ಮುಗೀತು, ಯಾರಿಗೂ ಗೊತ್ತಾಗಲ್ಲ. ಡಾಂಬರು ಹಾಕಿದ ಮೇಲೆ ಅಗೆದರೆ ಗುರುತು ಉಳಿಯುತ್ತೆ. ಸೈನಿಕರ ಜೀವ ಉಳಿಯೋದಕ್ಕೆ ಡಾಂಬರು ನಿಜವಾಗಲೂ ಕೆಲಸ ಮಾಡಿತು, ಅದನ್ನ ಅಲ್ಲಗಳೆಯೋ ಹಾಗಿಲ್ಲ.

ಆದರೆ ರಸ್ತೆ ಅಂದಮೇಲೆ ಮೋರಿ ಬೇಕಲ್ಲ? ಮಳೆ ನೀರು, ಹಿಮ ಕರಗಿದ ನೀರು ಈ ಕಡೆಯಿಂದ ಆ ಕಡೆಗೆ ಹೋಗೋಕೆ ರಸ್ತೆ ಅಡಿಯಲ್ಲಿ ದಾರಿ ಬಿಡಲೇಬೇಕು. ಬಿಡದಿದ್ದರೆ ಮೊದಲ ಮಳೆಗೇ ರಸ್ತೆ ಕೊಚ್ಚಿಕೊಂಡು ಹೋಗುತ್ತೆ. ಆ ಮೋರಿ ಇದೆಯಲ್ಲ, ಅದೇ ಬಾಂಬ್ ಇಡೋಕೆ ರೆಡಿಮೇಡ್ ಗೂಡು ಆಯಿತು. ಅಗೆಯೋ ಹಾಗೇ ಇಲ್ಲ, ಒಳಗೆ ತೂರಿಸಿದರೆ ಸಾಕು. ಎಂಜಿನಿಯರು ನೀರಿಗೆ ಅಂತ ಬಿಟ್ಟ ಬಾಗಿಲಲ್ಲೇ ಸಾವು ಒಳಗೆ ಬಂತು. ಹಾಗಂತ ಮೋರಿ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸೋ ಯೋಜನೆ ಬಂತು. ಕಂಟ್ರಾಕ್ಟ್ ಕೊಟ್ಟರು. ಘಜ್ನಿ ಪ್ರಾಂತ್ಯದಲ್ಲಿ ಸುಮಾರು 250 ಮೋರಿಗಳಿಗೆ ಜಾಲರಿ ಹಾಕೋಕೆ ಹತ್ತಿರ ಹತ್ತಿರ ಹತ್ತು ಲಕ್ಷ ಡಾಲರ್ ಪಾವತಿ ಆಯಿತು. ಅಮೆರಿಕದ್ದೇ ತಪಾಸಣಾ ಸಂಸ್ಥೆ, ಸಿಗಾರ್ ಅಂತ ಅದರ ಹೆಸರು, ಹೋಗಿ ನೋಡಿದರೆ ಜಾಲರಿ ಹಾಕೇ ಇಲ್ಲ, ಇಲ್ಲವೇ ಕಾಟಾಚಾರಕ್ಕೆ ಹಾಕಿದ್ದಾರೆ. ಬಿಲ್ ಮಾತ್ರ ಪಾಸ್! ನಮ್ಮೂರಲ್ಲಿ ಇಂಥ ಬಿಲ್ಲು ಪಾಸಾದರೆ ಮಳೆಗಾಲದಲ್ಲಿ ಮನೆಗೆ ನೀರು ನುಗ್ಗುತ್ತೆ. ಅಲ್ಲಿ ಮೋರಿ ಮೇಲೆ ಹೋಗೋ ಗಾಡಿಯೇ ಹಾರಿ ಹೋಗುತ್ತೆ, ಅದು ಸೇನೆಯ ಟ್ರಕ್ಕೂ ಆಗಬಹುದು, ಮದುವೆಗೆ ಹೊರಟ ಬಸ್ಸೂ ಆಗಬಹುದು.

ಈಗ ಇನ್ನೊಂದು ಮುಖ. ಕುನಾರ್ ಅನ್ನೋ ಪ್ರಾಂತ್ಯ, ಪಾಕಿಸ್ತಾನದ ಗಡಿಗೆ ಅಂಟಿಕೊಂಡು ಇದೆ. ಅಲ್ಲಿ ಪೆಚ್ ನದಿ ಕಣಿವೆಯಲ್ಲಿ ಅಮೆರಿಕದವರು ಹಾಕಿಸಿದ ರಸ್ತೆಯನ್ನ ಎಲ್ಲರೂ ಮಾದರಿ ಅಂತ ಹೊಗಳಿದರು. ಡೇವಿಡ್ ಕಿಲ್‌ಕಲನ್ ಅಂತ ಒಬ್ಬರು, ಆಸ್ಟ್ರೇಲಿಯಾ ಸೇನೆಯಲ್ಲಿದ್ದವರು, ಆಮೇಲೆ ಅಮೆರಿಕದವರಿಗೆ ಸಲಹೆ ಕೊಟ್ಟವರು, 2009ರ ತಮ್ಮ ಪುಸ್ತಕದಲ್ಲಿ ಈ ಕುನಾರ್ ರಸ್ತೆಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಅವರು ಹೇಳೋ ಮುಖ್ಯ ವಿಷಯ ಡಾಂಬರಿನದ್ದಲ್ಲ. ರಸ್ತೆ ಯಾರ ಹೊಲದ ಮೇಲೆ ಹೋಗಬೇಕು, ಕೂಲಿ ಯಾವ ಊರಿನವರಿಗೆ, ಕಾವಲು ಯಾರದ್ದು, ಇದನ್ನೆಲ್ಲ ಊರ ಹಿರಿಯರ ಜೊತೆ ಕೂತು, ಚಹಾ ಕುಡಿದು, ತಿಂಗಳುಗಟ್ಟಲೆ ಮಾತಾಡಬೇಕಲ್ಲ, ಆ ಮಾತೇ ಅಸಲಿ ಕೆಲಸ. ಹಾಗೆ ಮಾತಾಡಿದ ಊರಿನವರು ರಸ್ತೆಯನ್ನ ತಮ್ಮದು ಅಂದುಕೊಂಡು ಕಾಯ್ತಾರೆ.

ನನಗೆ ಇದು ಒಪ್ಪಿಗೆ. ಆದರೆ ಮಾತಾಡಿದ ಮೇಲೆ ಊರಿನವರು ಬೇಡ ಅಂದರೆ? ಪೆಚ್ ಕಣಿವೆಯ ಪಕ್ಕದಲ್ಲೇ ಕೊರೆಂಗಲ್ ಅಂತ ಇನ್ನೊಂದು ಸಣ್ಣ ಕಣಿವೆ ಇದೆ. ದೇವದಾರು ಮರದ ಕಾಡು, ಮರದ ವ್ಯಾಪಾರವೇ ಬದುಕು. ಅಲ್ಲಿಗೂ ರಸ್ತೆ ತರ್ತೀವಿ ಅಂದಾಗ ಅಲ್ಲಿನ ಜನ ಖುಷಿಪಡಲಿಲ್ಲ. ರಸ್ತೆ ಬಂದರೆ ಅದರ ಹಿಂದೆ ಸರ್ಕಾರ ಬರುತ್ತೆ, ತೆರಿಗೆ ಬರುತ್ತೆ, ಸೇನೆ ಬರುತ್ತೆ, ಮರದ ವ್ಯಾಪಾರ ಬೇರೆಯವರ ಪಾಲಾಗುತ್ತೆ. ಅವರ ಜಾಗದಲ್ಲಿ ನಿಂತು ನೋಡಿದರೆ ಆ ಭಯದಲ್ಲಿ ದಡ್ಡತನ ಎಲ್ಲಿದೆ ಹೇಳಿ? 40ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಆ ಒಂದು ಕಣಿವೆಯಲ್ಲಿ ಸತ್ತರು. ಸ್ಥಳೀಯರು ಎಷ್ಟು ಜನ ಸತ್ತರು ಅನ್ನೋದಕ್ಕೆ ಯಾವ ಸ್ಮಾರಕವೂ ಇಲ್ಲ. 2010ರ ಏಪ್ರಿಲ್‌ನಲ್ಲಿ ಅಮೆರಿಕ ಅಲ್ಲಿಂದ ಗಂಟುಮೂಟೆ ಕಟ್ಟಿತು. ಮರುವರ್ಷ ಆ ಮಾದರಿ ರಸ್ತೆಯ ಪೆಚ್ ಕಣಿವೆಯ ದೊಡ್ಡ ನೆಲೆಗಳನ್ನೂ ಖಾಲಿ ಮಾಡೋಕೆ ಶುರು ಮಾಡಿತು.

ಗಾರ್ಡೆಜ್-ಖೋಸ್ತ್ ರಸ್ತೆ ಕಥೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಬರೀ ನೂರು ಕಿಲೋಮೀಟರ್. 2011ರ ಹೊತ್ತಿಗೆ ಖರ್ಚು 12 ಕೋಟಿ ಡಾಲರ್ ದಾಟಿತ್ತು, ಇನ್ನೂ ಮುಗಿದಿರಲಿಲ್ಲ. ದೊಡ್ಡ ಪಾಲು ಹೋಗಿದ್ದು ಜಲ್ಲಿಗಲ್ಲ, ಕಾವಲಿಗೆ. ಕಾವಲಿಗೆ ಅಂತ ದುಡ್ಡು ಕೊಟ್ಟ ಸ್ಥಳೀಯ ಪುಢಾರಿಯೇ ದಾಳಿ ಮಾಡಿಸ್ತಿದ್ದಾನೆ ಅನ್ನೋ ಗುಮಾನಿ ಬೇರೆ. ದಾಳಿ ಆದಷ್ಟೂ ಕಾವಲಿಗೆ ಬೇಡಿಕೆ, ಕಾವಲು ಹೆಚ್ಚಿದಷ್ಟೂ ದುಡ್ಡು. ಸರಕು ಸಾಗಾಣಿಕೆಯಲ್ಲೂ ಅದೇ ಆಟ. 2010ರಲ್ಲಿ ಅಮೆರಿಕ ಸಂಸತ್ತಿನ ಒಂದು ಉಪಸಮಿತಿಯೇ ವರದಿ ಕೊಟ್ಟಿತು: 216 ಕೋಟಿ ಡಾಲರಿನ ಟ್ರಕ್ ಕಂಟ್ರಾಕ್ಟ್‌ನಲ್ಲಿ ಒಂದು ಪಾಲು ದಾರಿ ಮೇಲಿನ ಸೇನಾಪತಿಗಳಿಗೆ ಮಾಮೂಲಿಯಾಗಿ ಹೋಗ್ತಿದೆ, ಅಲ್ಲಿಂದ ತಾಲಿಬಾನ್‌ಗೂ ತಲುಪ್ತಿರೋ ಸಾಧ್ಯತೆ ಇದೆ ಅಂತ. ಅಂದ್ರೆ ರಸ್ತೆ ಹೆಚ್ಚಿದಂತೆ ತಾಲಿಬಾನ್ ಹಿಂದೆ ಸರಿಯಲಿಲ್ಲ, ರಸ್ತೆ ಮೇಲೆ ಕೂತು ವಸೂಲಿ ಮಾಡಿತು.

ಇಷ್ಟಕ್ಕೂ ಅಫ್ಘನ್ನರಿಗೆ ಈ ರಸ್ತೆ ರಾಜಕೀಯ ಹೊಸದಲ್ಲ. 1960ರ ದಶಕದಲ್ಲಿ ಒಂದು ಕಡೆ ಅಮೆರಿಕ ಕಾಬೂಲ್-ಕಂದಹಾರ್ ರಸ್ತೆ ಹಾಕಿಸ್ತಿತ್ತು, ಇನ್ನೊಂದು ಕಡೆ ಸೋವಿಯತ್ ರಷ್ಯಾ ಹಿಂದೂಕುಶ್ ಬೆಟ್ಟ ಕೊರೆದು ಸಲಾಂಗ್ ಸುರಂಗ ಮಾಡ್ತಿತ್ತು. 1964ರಲ್ಲಿ ಸುರಂಗ ಉದ್ಘಾಟನೆ ಆದಾಗ ಸ್ನೇಹದ ಕೊಡುಗೆ ಅಂದರು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಅದೇ ಸುರಂಗದಿಂದ ಇಳಿದು ಬಂದವು. ಹತ್ತು ವರ್ಷ ಆದಮೇಲೆ ಸೋತು ವಾಪಸ್ ಹೋಗಿದ್ದೂ ಅದರಲ್ಲೇ.

ಆ ಕಾಬೂಲ್-ಕಂದಹಾರ್ ರಸ್ತೆಯನ್ನೇ 2003ರಲ್ಲಿ ಅಮೆರಿಕ ಮತ್ತೆ ಹೊಸದಾಗಿ ಹಾಕಿಸಿತು. ವರ್ಷಾಂತ್ಯದೊಳಗೆ ಮುಗೀಬೇಕು ಅಂತ ಬುಷ್ ಅವರ ಒತ್ತಡ. ಡಿಸೆಂಬರ್‌ನಲ್ಲಿ ಟೇಪು ಕತ್ತರಿಸಿದರು. ದಿನವಿಡೀ ಹಿಡಿಯುತ್ತಿದ್ದ ದಾರಿ ಆರು ಗಂಟೆಗೆ ಬಂತು. ಆಸ್ಪತ್ರೆಗೆ ಹೋಗೋ ಗರ್ಭಿಣಿಗೆ, ದಾಳಿಂಬೆ ಮಾರೋ ರೈತನಿಗೆ ಅದು ಎಂಥ ಉಪಕಾರ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ 2016ರಲ್ಲಿ ಸಿಗಾರ್ ವರದಿ ಬಂದಾಗ ಅದೇ ರಸ್ತೆ ರಿಪೇರಿ ಮಾಡೋ ಸ್ಥಿತಿಯಲ್ಲೂ ಇಲ್ಲ, ಕಿತ್ತು ಹೊಸದಾಗೇ ಹಾಕಬೇಕು ಅನ್ನೋ ಮಾತು ಅದರಲ್ಲಿತ್ತು. ಅವರು ಪರೀಕ್ಷೆ ಮಾಡಿದ 21 ರಸ್ತೆಗಳಲ್ಲಿ 19 ಹಾಳಾಗಿದ್ದವು.

ಬರೀ ಬಾಂಬಿನಿಂದಲಾ? ಅಲ್ಲ. ಹೈವೇ ಎಂಜಿನಿಯರಿಂಗ್ ಓದಿದವರಿಗೆ ಒಂದು ಸೂತ್ರ ಗೊತ್ತಿರುತ್ತೆ. ಗಾಲಿ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗೋ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. 1950ರ ದಶಕದ ಕೊನೆಯಲ್ಲಿ ಅಮೆರಿಕದವರೇ ಇಲಿನಾಯ್‌ನಲ್ಲಿ ಲಾರಿ ಓಡಿಸಿ ಓಡಿಸಿ ಕಂಡುಕೊಂಡ ಸತ್ಯ ಇದು. ಬಾಂಬಿಗೆ ಜಗ್ಗದ ಹದಿನೈದು ಟನ್ ಸುಮಾರಿನ ಸೇನಾ ವಾಹನಗಳು, ಮಿತಿ ಮೀರಿ ಸರಕು ತುಂಬಿದ ಟ್ರಕ್ಕುಗಳು ಹಗಲೂ ರಾತ್ರಿ ಓಡಾಡಿದರೆ ಯಾವ ರಸ್ತೆ ತಾಳುತ್ತೆ? ಇನ್ನು ನಿರ್ವಹಣೆ. ವರ್ಷಕ್ಕೆ 10 ಕೋಟಿ ಡಾಲರ್ ಬೇಕಿತ್ತು, ಅಫ್ಘನ್ ಇಲಾಖೆಗೆ ಸಿಗ್ತಾ ಇದ್ದದ್ದು ಸರಾಸರಿ 2 ಕೋಟಿ ಚಿಲ್ಲರೆ. ರಸ್ತೆ ಹಾಕೋದಕ್ಕೆ ಹಣ ಕೊಡೋರು ಕ್ಯೂ ನಿಲ್ತಾರೆ, ಉದ್ಘಾಟನೆ ಇರುತ್ತೆ, ಕ್ಯಾಮೆರಾ ಇರುತ್ತೆ. ಗುಂಡಿ ಮುಚ್ಚೋದಕ್ಕೆ ಯಾವ ಮಂತ್ರಿ ಬಂದು ಟೇಪು ಕತ್ತರಿಸ್ತಾನೆ? ದೇಶವನ್ನ ಸುತ್ತು ಹಾಕಬೇಕಿದ್ದ 2,200 ಕಿಲೋಮೀಟರ್ ರಿಂಗ್ ರೋಡ್ 2021ರಲ್ಲೂ ರಿಂಗ್ ಆಗಿರಲಿಲ್ಲ. ವಾಯವ್ಯದಲ್ಲಿ, ಬಾದ್‌ಘಿಸ್ ಕಡೆ ಕೊಂಡಿ ಕೂಡಿರಲೇ ಇಲ್ಲ.

ಇದೆಲ್ಲ ದೂರದ ಕಥೆ, ನಮಗ್ಯಾಕೆ ಅನ್ನೋರು ಇರ್ತಾರೆ. 2017ರ ಏಪ್ರಿಲ್ 24ನೇ ತಾರೀಖು ಛತ್ತೀಸಗಢದ ಸುಕ್ಮಾದಲ್ಲಿ, ಬುರ್ಕಾಪಾಲ್ ಹತ್ತಿರ, ನಕ್ಸಲರ ದಾಳಿಯಲ್ಲಿ 25 ಸಿಆರ್‌ಪಿಎಫ್ ಜವಾನರು ಸತ್ತರಲ್ಲ, ಅವರು ಅಲ್ಲಿ ಏನು ಮಾಡ್ತಿದ್ದರು? ರಸ್ತೆ ಕೆಲಸಕ್ಕೆ ಕಾವಲಿದ್ದರು. ಇಲ್ಲಿ ಮತ್ತು ಅಲ್ಲಿ ಒಂದೇ ಅಂತ ನಾನು ಹೇಳ್ತಿಲ್ಲ. ಇದು ನಮ್ಮದೇ ನೆಲ, ನಾಳೆ ಸಾಮಾನು ಕಟ್ಟಿಕೊಂಡು ಹೊರಡೋ ಪ್ರಶ್ನೆ ನಮಗಿಲ್ಲ. ಅದಕ್ಕೇ ಆ ರಸ್ತೆಯಲ್ಲಿ ಆಂಬುಲೆನ್ಸ್ ಎಷ್ಟು ಓಡಿತು, ಅದಿರು ಲಾರಿ ಎಷ್ಟು ಓಡಿತು, ಪೊಲೀಸ್ ಜೀಪು ಎಷ್ಟು ಓಡಿತು ಅಂತ ಕೇಳೋ ಹಕ್ಕು ಅಮೆರಿಕದ ಮತದಾರನಿಗಿಂತ ನಮಗೆ ಜಾಸ್ತಿ ಇದೆ. ಕೇಳಬೇಕು. ಕೇಳಿದ ಕೂಡಲೇ ದೇಶದ್ರೋಹಿ ಅನ್ನೋರು ಇರ್ತಾರೆ, ಅನ್ನಲಿ. ಆ 25 ಜನರ ಮನೆಯವರಿಗೆ ಉತ್ತರ ಸಿಗಬೇಕಲ್ಲ?

ಜರಂಜ್‌ಗೆ ವಾಪಸ್ ಬರೋಣ. ಆ ಊರನ್ನ ಗೆದ್ದುಕೊಂಡವರ ಕೈಗೆ ಗಡಿಯ ಸುಂಕದ ಕಟ್ಟೆಯೂ ಸಿಕ್ಕಿತು. ಇರಾನ್‌ನಿಂದ ಅಲ್ಲಿಗೆ ಬರೋ ಟ್ರಕ್ಕುಗಳ ಸುಂಕ ಆವಾಗಿನಿಂದ ತಾಲಿಬಾನ್ ಖಜಾನೆಗೆ. ಟ್ರಕ್ಕುಗಳು ಹಾದು ಹೋಗೋದು ನಾವು ಹಾಕಿದ ರಸ್ತೆಯಲ್ಲೇ.

ಇನ್ನೊಂದು ದೃಶ್ಯ ಆ ದಿನಗಳಲ್ಲಿ ಅಲ್ಲಿಂದ ಬರ್ತಾ ಇತ್ತು. ದೇಶ ಬಿಟ್ಟು ಓಡೋರು ಎಲ್ಲರೂ ವಿಮಾನ ನಿಲ್ದಾಣಕ್ಕೆ ಹೋಗ್ತಿರಲಿಲ್ಲ. ಪಾಸ್‌ಪೋರ್ಟ್ ಇಲ್ಲದವರು, ಪಾಸ್‌ಪೋರ್ಟ್ ಇದ್ದೂ ವೀಸಾ ಸಿಗದವರು ಬಸ್ ಹತ್ತಿ ಜರಂಜ್ ಕಡೆ ಬರ್ತಿದ್ದರು. ದೆಲಾರಾಮ್ ದಾಟಿದ ಮೇಲೆ ಬಸ್ಸು ಓಡುತ್ತಿದ್ದದ್ದು ನಾವು ಹಾಕಿದ ರಸ್ತೆಯಲ್ಲೇ. ಜರಂಜ್ ಮುಟ್ಟಿದ ಮೇಲೆ ದಲ್ಲಾಳಿಗಳ ಪಿಕಪ್ ಗಾಡಿ, ಒಂದೊಂದರಲ್ಲಿ ಇಪ್ಪತ್ತು ಜನ, ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು. ಮುಖಕ್ಕೆ ಧೂಳು ಬಡಿಯದ ಹಾಗೆ ಬಟ್ಟೆ ಸುತ್ತಿಕೊಂಡು ಮರುಭೂಮಿ ಕಡೆ ಹೊರಡ್ತಿದ್ದರು. ಅಲ್ಲಿಂದ ಮುಂದಕ್ಕೆ ಡಾಂಬರು ಇರಲಿಲ್ಲ.