ಊರಿನ ವಸ್ತುಸಂಗ್ರಹಾಲಯ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯಲ್ಲಿ ಲೈಮ್ ರೀಜಿಸ್ ಎಂಬ ಚಿಕ್ಕ ಊರಿದೆ. ಅಲ್ಲಿಯ ವಸ್ತುಸಂಗ್ರಹಾಲಯವನ್ನು ಹೊಕ್ಕರೆ ಊರಿನ ಚರಿತ್ರೆಯನ್ನೂ ನಿಸರ್ಗದ ಚರಿತ್ರೆಯನ್ನೂ ನಾವು ಒಂದೇ ಸೂರಿನಡಿ ಕಾಣುತ್ತೇವೆ. ಕಡಲಲೆಗಳು ಕೊರೆದ ಬಂಡೆಗಳಿಂದ ಹೊರಬಿದ್ದ, ಸುಮಾರು 20 ಕೋಟಿ ವರ್ಷಗಳಷ್ಟು ಪುರಾತನವಾದ ಪಳೆಯುಳಿಕೆಗಳು ಅಲ್ಲಿವೆ.

1901ರಲ್ಲಿ ಆ ಕಟ್ಟಡವೆದ್ದುದು ಮೇರಿ ಆನಿಂಗ್ (1799–1847) ಎಂಬಾಕೆಯ ಮನೆಯಿದ್ದ ನಿವೇಶನದಲ್ಲಿ. ಆಕೆ ಬಡ ಬಡಗಿಯೊಬ್ಬನ ಮಗಳು. 1810ರಲ್ಲಿ ತಂದೆ ತೀರಿಕೊಂಡ ಮೇಲೆ ಪಳೆಯುಳಿಕೆಗಳನ್ನು ಆಯ್ದು ಮಾರುವುದೇ ಮನೆಗೆ ಆಸರೆಯಾಯಿತು. 1811ರಲ್ಲಿ ಅಣ್ಣ ಜೋಸೆಫನಿಗೆ ಭಾರಿ ತಲೆಬುರುಡೆಯೊಂದು ಸಿಕ್ಕಿತು. ಮರುವರ್ಷ ಮೇರಿ ಉಳಿದ ಅಸ್ಥಿಗಳನ್ನು ಕಂಡುಹಿಡಿದಳು. ಅದು ಇಕ್ತಿಯೊಸಾರ್ ಎಂಬ ಜಲಚರ. 1823ರಲ್ಲಿ ಪ್ಲೀಸಿಯೊಸಾರ್ ಪ್ರಾಣಿಯ ಪೂರ್ಣ ಅಸ್ಥಿಪಂಜರವೂ ಅವಳಿಗೇ ದೊರೆಯಿತು. ಆದರೆ ಮರುವರ್ಷ ವಿದ್ವತ್ಸಭೆಯಲ್ಲಿ ಅದನ್ನು ವಿವರಿಸಿದವರು ಅವಳ ಹೆಸರನ್ನೇ ಹೇಳಲಿಲ್ಲ. ಲಂಡನ್ನಿನ ಭೂವಿಜ್ಞಾನ ಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಅಂಗೀಕರಿಸಿದ್ದು 1919ರಲ್ಲಿ.

ಆ ಅಸ್ಥಿಗಳು ಲಂಡನ್ ಸೇರಿದವು. ಹೆಸರನ್ನು ಕಾಪಾಡಿದ್ದು ಊರು. 2022ರಲ್ಲಿ ಅಲ್ಲಿ ಅವಳ ಪ್ರತಿಮೆಯೂ ನಿಂತಿತು.

ಮಹನೀಯರೇ, ದೊಡ್ಡ ನಗರವು ವಸ್ತುವನ್ನು ಉಳಿಸಬಲ್ಲದು. ಅದು ಯಾರ ಕೈಯಿಂದ ಬಂದಿತೆಂಬುದನ್ನು ನೆನೆಯಬೇಕಾದವರು ಊರಿನವರು. ಗಡಿನಾಡಿನ ಕನ್ನಡಿಗರಾದ ನಮ್ಮ ನೆನಪನ್ನು ಅನ್ಯರು ಬಂದು ಬರೆದಿಡುವರೆಂದು ಕಾಯುವುದು ತರವಲ್ಲ. ನಮ್ಮ ಶಾಲೆಯಲ್ಲಿ ಒಂದು ಕಪಾಟು ಸಾಕು. ಅಜ್ಜನ ಕಾಲದ ಸೇರು, ಪಾವು, ಓಲೆಗರಿ, ಬಿತ್ತನೆಯ ಬೀಜ, ಹೊಲದಲ್ಲಿ ಸಿಕ್ಕ ವಿಚಿತ್ರ ಕಲ್ಲು—ಯಾವುದನ್ನು ತಂದರೂ ಸರಿಯೇ. ಪ್ರತಿಯೊಂದರ ಕೆಳಗೆ ತಂದವರ ಹೆಸರು, ಸ್ಥಳ, ದಿನಾಂಕಗಳನ್ನು ಕನ್ನಡದಲ್ಲಿ ಬರೆದಿಡೋಣ.