ಗಿರಿಯವರ ಗೆಲುವು ಮತ್ತು ನಮ್ಮ ಸಂಘ



ವಿ. ವಿ. ಗಿರಿಯವರು ನಮಗೆ ಹೊರಗಿನವರಲ್ಲ. ರೈಲ್ವೆ ಕಾರ್ಮಿಕರ ಸಂಘ ಕಟ್ಟಿದವರು. ಮೈಸೂರಿನ ರಾಜ್ಯಪಾಲರೂ ಆಗಿದ್ದವರು. 1954ರಲ್ಲಿ ಬ್ಯಾಂಕ್ ನೌಕರರಿಗೆ ಸಿಕ್ಕ ತೀರ್ಪನ್ನು ಸರ್ಕಾರ ಮೊಟಕು ಮಾಡಿದಾಗ, ಕೇಂದ್ರ ಕಾರ್ಮಿಕ ಮಂತ್ರಿಯ ಕುರ್ಚಿಯನ್ನೇ ಬಿಟ್ಟೆದ್ದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೂಡಿದ ಕಾಂಗ್ರೆಸ್ ಮುಖಂಡರು ಸಂಜೀವ ರೆಡ್ಡಿಯವರನ್ನು ಆರಿಸಿದರು. ಉಪರಾಷ್ಟ್ರಪತಿಯಾಗಿದ್ದ ಗಿರಿ ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. ಆತ್ಮಸಾಕ್ಷಿಯಂತೆ ಮತ ನೀಡಿರೆಂದು ಇಂದಿರಾ ಗಾಂಧಿಯವರು ತಮ್ಮ ಪಕ್ಷದ ಶಾಸಕರಿಗೂ ಸಂಸದರಿಗೂ ಕರೆ ಕೊಟ್ಟರು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತವಿಲ್ಲ. ಎರಡನೆಯ ಆಯ್ಕೆಯ ಮತಗಳನ್ನೂ ಕೂಡಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ. ಕಾರ್ಮಿಕ ನಾಯಕನೊಬ್ಬ ರಾಷ್ಟ್ರಪತಿಯಾದ!

ಮುಂದೇನಾಯಿತು? 1974ರ ಮೇ 8ರಂದು ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ನಾಯಕರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ರಾಷ್ಟ್ರಪತಿ ಭವನದಲ್ಲಿದ್ದವರು ಅದೇ ಗಿರಿ. ಸಾವಿರಾರು ಮಂದಿ ಸೆರೆಮನೆ ಸೇರಿದರು, ಕೆಲಸ ಕಳೆದುಕೊಂಡರು. 20 ದಿನಗಳಲ್ಲಿ ಮುಷ್ಕರ ಮುರಿಯಿತು.

ಇದರಲ್ಲಿ ಗಿರಿಯವರೊಬ್ಬರನ್ನೇ ದೂರಿ ಫಲವಿಲ್ಲ. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು. ಮಂತ್ರಿಯಾಗಿದ್ದಾಗ ಬಿಟ್ಟೇಳಲು ಒಂದು ಕುರ್ಚಿಯಿತ್ತು. ಅತಿ ಎತ್ತರದ ಪೀಠಕ್ಕೇರಿದ ಮೇಲೆ ಕೈ ಕಟ್ಟಿತ್ತು.

ಆದ್ದರಿಂದ ಮಿತ್ರರೇ, ನಮ್ಮವರು ಗೆದ್ದರೆ ಸಂತೋಷಪಡೋಣ. ಆದರೆ ಕೂಲಿಯ ಪ್ರಶ್ನೆ ಇತ್ಯರ್ಥವಾಗುವುದು ಗಿರಣಿಯ ಬಾಗಿಲಲ್ಲಿ. ನಮ್ಮವನೊಬ್ಬ ಮೇಲೆ ಹೋದನೆಂದು ಸಂಘದ ಚಂದಾ ಮಾತ್ರ ನಿಲ್ಲಿಸಬೇಡಿ.